ದಿಯುವಿನ ಕಡಲಂಚಿನಲ್ಲಿ ‘ಖುಕ್ರಿ’ಯ ನೆನಪು

ಸೌರಾಷ್ಟ್ರದ ದಕ್ಷಿಣ ತುದಿಗೆ ಅಂಟಿಕೊಂಡಂತಿರುವ ಪುಟ್ಟ ದ್ವೀಪ ದಿಯು. ಪಕ್ಕದ ಗುಜರಾತಿನಲ್ಲಿ ಪಾನನಿರೋಧ ಜಾರಿಯಲ್ಲಿದೆ, ದಿಯುವಿನಲ್ಲಿ ಇಲ್ಲ. ಹೀಗಾಗಿ ರಜೆ ಬಂತೆಂದರೆ ಇಲ್ಲಿನ ಕಡಲತೀರಗಳು ತುಂಬಿ ತುಳುಕುತ್ತವೆ. ಪ್ರವಾಸಿಗರು ಪೋರ್ಚುಗೀಸರ ಹಳೆಯ ಕೋಟೆಯನ್ನು ಸುತ್ತುತ್ತಾರೆ, ಚರ್ಚುಗಳನ್ನು ನೋಡುತ್ತಾರೆ, ಸಂಜೆಯಾಗುತ್ತಲೇ ಸೂರ್ಯಾಸ್ತ ನೋಡಲು ಚಕ್ರತೀರ್ಥದ ಕಡೆ ನಡೆಯುತ್ತಾರೆ.

ಅಲ್ಲಿಯೇ ಒಂದು ಸಣ್ಣ ದಿಬ್ಬ. ದಿಬ್ಬದ ಮೇಲೆ ಗಾಜಿನ ಮನೆ. ಅದರೊಳಗೆ ಒಂದು ಯುದ್ಧನೌಕೆಯ ಮಾದರಿ. ಮುಂದೆ ಅರಬ್ಬಿ ಸಮುದ್ರ. ಫೋಟೊ ತೆಗೆಸಿಕೊಳ್ಳಲು ಹೇಳಿ ಮಾಡಿಸಿದಂಥ ಜಾಗ. ಆದರೆ ಇದು ವಿಹಾರಕ್ಕೆಂದು ಕಟ್ಟಿದ ತಾಣವಲ್ಲ. ಗಾಜಿನೊಳಗಿರುವುದು ಭಾರತೀಯ ನೌಕಾಪಡೆಯ ‘ಖುಕ್ರಿ’ ನೌಕೆಯ ಪ್ರತಿರೂಪ. ನಿಜವಾದ ಖುಕ್ರಿ ಇಲ್ಲಿಂದ ಸುಮಾರು 40 ನಾಟಿಕಲ್ ಮೈಲಿ, ಅಂದರೆ 70 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕಡಲ ತಳದಲ್ಲಿದೆ. 1971ರ ಡಿಸೆಂಬರ್ 9ರ ರಾತ್ರಿ ಅದು ಮುಳುಗಿದಾಗ 18 ಅಧಿಕಾರಿಗಳು ಮತ್ತು 176 ನಾವಿಕರು, ಒಟ್ಟು 194 ಮಂದಿ ಪ್ರಾಣ ಕಳೆದುಕೊಂಡರು.

ಸ್ವಾತಂತ್ರ್ಯಾನಂತರ ಶತ್ರುವಿನ ದಾಳಿಯಲ್ಲಿ ಭಾರತ ಕಳೆದುಕೊಂಡ ಏಕೈಕ ಯುದ್ಧನೌಕೆ ಇದು. 1971ರ ಯುದ್ಧವೆಂದರೆ ನಮಗೆ ನೆನಪಾಗುವುದು ಢಾಕಾದ ಶರಣಾಗತಿ, ಹೊತ್ತಿ ಉರಿದ ಕರಾಚಿ ಬಂದರು. ಗೆಲುವಿನ ಆ ಕಥೆಯಲ್ಲಿ ಖುಕ್ರಿಗೆ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ. ಸ್ಮಾರಕ ಎದ್ದು ನಿಲ್ಲುವುದಕ್ಕೂ 28 ವರ್ಷ ಬೇಕಾಯಿತು. ಅದು ಉದ್ಘಾಟನೆಯಾದದ್ದು 1999ರ ಡಿಸೆಂಬರ್ 15ರಂದು, ಪಶ್ಚಿಮ ನೌಕಾ ಕಮಾಂಡಿನ ಅಂದಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಮಾಧವೇಂದ್ರ ಸಿಂಗ್ ಅವರಿಂದ.

ಮೂರು ಆಯುಧಗಳ ಹೆಸರು

ಖುಕ್ರಿ ಎಂಬುದು ಗೂರ್ಖಾ ಯೋಧರ ಬಾಗಿದ ಕತ್ತಿಯ ಹೆಸರು. 1950ರ ದಶಕದಲ್ಲಿ ಭಾರತ ಬ್ರಿಟನ್ನಿನಲ್ಲಿ ಕಟ್ಟಿಸಿದ ಒಂದೇ ಮಾದರಿಯ ಮೂರು ನೌಕೆಗಳಿಗೆ ಆಯುಧಗಳ ಹೆಸರನ್ನೇ ಇಡಲಾಯಿತು: ಖುಕ್ರಿ, ಕಿರ್ಪಾನ್, ಕುಠಾರ್. ಕನ್ನಡಿಗರಿಗೂ ಗೊತ್ತಿರುವ ಕೃಪಾಣ, ಕುಠಾರಗಳೇ ಇವು. ‘ಬ್ಲ್ಯಾಕ್‌ವುಡ್’ ವರ್ಗಕ್ಕೆ ಸೇರಿದ ಈ ಫ್ರಿಗೇಟುಗಳು ಗಾತ್ರದಲ್ಲಿ ಚಿಕ್ಕವು. ಉದ್ದ ಸುಮಾರು 310 ಅಡಿ. ಕಡಿಮೆ ಖರ್ಚಿನಲ್ಲಿ ತಯಾರಾದ ಇವುಗಳ ಮುಖ್ಯ ಕೆಲಸ ಒಂದೇ, ಜಲಾಂತರ್ಗಾಮಿಗಳನ್ನು ಹುಡುಕಿ ನಾಶ ಮಾಡುವುದು. ಖುಕ್ರಿ 1956ರಲ್ಲಿ ನೀರಿಗಿಳಿದು 1958ರಲ್ಲಿ ನೌಕಾಪಡೆ ಸೇರಿತು.

ಜಲಾಂತರ್ಗಾಮಿಯ ಬೇಟೆಗಾಗಿಯೇ ಹುಟ್ಟಿದ ನೌಕೆ ಕಡೆಗೆ ಜಲಾಂತರ್ಗಾಮಿಗೇ ಬಲಿಯಾಯಿತು. ಇದನ್ನು ವಿಧಿಯ ಆಟವೆಂದು ಸುಮ್ಮನಾಗುವಂತಿಲ್ಲ. ಅದಕ್ಕೆ ಸ್ಪಷ್ಟವಾದ ತಾಂತ್ರಿಕ ಕಾರಣಗಳಿವೆ.

ಎದುರಾಳಿಯ ಹೆಸರು ‘ಹಾಂಗೊರ್’. ಪಾಕಿಸ್ತಾನ ಫ್ರಾನ್ಸಿನಿಂದ ಕೊಂಡ ‘ದಾಫ್ನೆ’ ವರ್ಗದ ಮೂರು ಜಲಾಂತರ್ಗಾಮಿಗಳಲ್ಲಿ ಒಂದು. ಅದು ಸೇವೆಗೆ ಸೇರಿದ್ದು 1969ರ ಡಿಸೆಂಬರಿನಲ್ಲಿ. ಅಂದರೆ ಖುಕ್ರಿಗಿಂತ ಹನ್ನೊಂದು ವರ್ಷ ಕಿರಿಯದು. ಬಂಗಾಳಿ ಭಾಷೆಯಲ್ಲಿ ಹಾಂಗೊರ್ ಎಂದರೆ ಶಾರ್ಕ್ ಮೀನು. ಬಂಗಾಳಿಗಳ ನಾಡಿಗಾಗಿ ನಡೆದ ಯುದ್ಧದಲ್ಲಿ ಪಾಕಿಸ್ತಾನಕ್ಕೆ ನೌಕಾ ಯಶಸ್ಸು ತಂದುಕೊಟ್ಟ ಜಲಾಂತರ್ಗಾಮಿಗೆ ಬಂಗಾಳಿ ಹೆಸರೇ ಇದ್ದದ್ದು ಆ ಕಾಲದ ಒಂದು ವಿಚಿತ್ರ.

ಕಿವಿಗಳ ನಡುವಿನ ಯುದ್ಧ

ನೀರಿನಡಿಯಲ್ಲಿ ಕಣ್ಣಿಗೆ ಕೆಲಸವಿಲ್ಲ, ರಾಡಾರ್ ಸಹ ನಡೆಯದು. ಅಲ್ಲಿ ಉಪಯೋಗಕ್ಕೆ ಬರುವುದು ಶಬ್ದ ಮಾತ್ರ. ನೌಕೆಯ ತಳದಲ್ಲಿರುವ ಸೋನಾರ್ ಉಪಕರಣ ನೀರಿನೊಳಕ್ಕೆ ಶಬ್ದದ ಅಲೆಗಳನ್ನು ಬಿಟ್ಟು ಅವು ಯಾವುದಕ್ಕಾದರೂ ಬಡಿದು ಹಿಂದಿರುಗುತ್ತವೆಯೇ ಎಂದು ಕಾಯುತ್ತದೆ. ಬಾವಲಿ ಕತ್ತಲಲ್ಲಿ ಹಾರುವ ಕ್ರಮವೇ ಇದು. ಇನ್ನೊಂದು ವಿಧಾನದಲ್ಲಿ ಯಾವ ಶಬ್ದವನ್ನೂ ಮಾಡದೆ ಸುಮ್ಮನೆ ಆಲಿಸುವುದು. ಜಲಾಂತರ್ಗಾಮಿಗಳು ನೆಚ್ಚಿಕೊಂಡಿರುವುದು ಈ ಎರಡನೆಯ ವಿಧಾನವನ್ನು.

ಇಲ್ಲಿ ಸಮುದ್ರವೂ ಪಕ್ಷಪಾತಿ. ಬಿಸಿಲು ನಾಡಿನ ಕಡಲುಗಳಲ್ಲಿ ಮೇಲಿನ ನೀರು ಬೆಚ್ಚಗಿರುತ್ತದೆ, ಆಳಕ್ಕೆ ಹೋದಂತೆ ತಣ್ಣಗಾಗುತ್ತದೆ. ತಣ್ಣನೆಯ ನೀರಿನಲ್ಲಿ ಶಬ್ದದ ವೇಗ ಕಡಿಮೆ. ಹೀಗಾಗಿ ಮೇಲಿನಿಂದ ಹೊರಟ ಶಬ್ದದ ಅಲೆ ನೇರವಾಗಿ ಸಾಗದೆ ಕೆಳಕ್ಕೆ ಬಾಗುತ್ತದೆ. ದೂರದಲ್ಲಿರುವ ಜಲಾಂತರ್ಗಾಮಿಯನ್ನು ಅದು ಮುಟ್ಟುವುದೇ ಇಲ್ಲ. ಬೆಚ್ಚನೆಯ ಪದರದ ಕೆಳಗೆ ಅಡಗಿ ಕುಳಿತ ಜಲಾಂತರ್ಗಾಮಿಗೆ ಇದೊಂದು ಬಗೆಯ ಮರೆ. ಖುಕ್ರಿಯಲ್ಲಿದ್ದ 1950ರ ದಶಕದ ಸೋನಾರ್ ಇಂಥ ನೀರಿನಲ್ಲಿ ಹೆಚ್ಚು ದೂರ ಕಾಣಲಾರದಾಗಿತ್ತು. ಅದಕ್ಕಿಂತ ಹಲವು ಪಟ್ಟು ದೂರದಿಂದಲೇ ಹಾಂಗೊರ್ ಖುಕ್ರಿಯ ಸದ್ದನ್ನು ಕೇಳಿಸಿಕೊಳ್ಳಬಲ್ಲದಾಗಿತ್ತು.

ಈ ಕೊರತೆ ನೌಕಾಪಡೆಗೆ ತಿಳಿಯದ ವಿಷಯವಾಗಿರಲಿಲ್ಲ. ಅದನ್ನು ಸರಿಪಡಿಸುವ ಪ್ರಯತ್ನವೊಂದು ಖುಕ್ರಿಯ ಮೇಲೆಯೇ ನಡೆದಿತ್ತು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ್ದ ಲೆಫ್ಟಿನೆಂಟ್ ವಿ.ಕೆ. ಜೈನ್ ಎಂಬ ತರುಣ ಅಧಿಕಾರಿ ಹಳೆಯ ಸೋನಾರಿನ ಸಾಮರ್ಥ್ಯ ಹೆಚ್ಚಿಸುವ ಸಾಧನವೊಂದನ್ನು ರೂಪಿಸಿದ್ದರು. ಅದನ್ನು ಪರೀಕ್ಷಿಸಲು ಅವರೂ ನೌಕೆಯಲ್ಲಿದ್ದರು. ಆದರೆ ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ನೌಕೆ ನಿಧಾನವಾಗಿ ಸಾಗಬೇಕಿತ್ತು. ವೇಗ ಹೆಚ್ಚಾದಷ್ಟೂ ನೌಕೆಯ ಎಂಜಿನ್ ಮತ್ತು ನೀರಿನ ಸದ್ದೇ ಕಿವಿ ತುಂಬುತ್ತದೆ.

ದುರಂತದ ಗಂಟು ಇಲ್ಲಿದೆ. ಶತ್ರುವಿನ ಸದ್ದು ಕೇಳಬೇಕಾದರೆ ನಿಧಾನ ಹೋಗಬೇಕು, ಅವನ ಟಾರ್ಪೆಡೊ ತಪ್ಪಿಸಿಕೊಳ್ಳಬೇಕಾದರೆ ವೇಗವಾಗಿ, ಅಂಕುಡೊಂಕಾಗಿ ಸಾಗಬೇಕು. ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಆ ಸಂಜೆ ಖುಕ್ರಿ ನಿಧಾನವಾಗಿ ಸಾಗುತ್ತಿತ್ತು. ಅದು ಸರಿಯಾದ ನಿರ್ಧಾರವೇ ಎಂಬ ಚರ್ಚೆ ನೌಕಾಪಡೆಯ ನಿವೃತ್ತರ ನಡುವೆ ದಶಕಗಳ ಕಾಲ ನಡೆದಿದೆ. ಇಷ್ಟು ಹಳೆಯ ಎರಡೇ ನೌಕೆಗಳನ್ನು ಆಧುನಿಕ ಜಲಾಂತರ್ಗಾಮಿಯ ಎದುರು ಕಳುಹಿಸಬೇಕಾಗಿತ್ತೇ ಎಂಬ ಪ್ರಶ್ನೆಯೂ ಕೇಳಿಬಂದಿದೆ. ಗೆದ್ದ ಯುದ್ಧದಲ್ಲಿ ಇಂಥ ಪ್ರಶ್ನೆಗಳು ಸುಲಭವಾಗಿ ಬದಿಗೆ ಸರಿದುಬಿಡುತ್ತವೆ.

ಡಿಸೆಂಬರ್ 9ರ ರಾತ್ರಿ

ಯುದ್ಧ ಆರಂಭವಾಗುವ ಮೊದಲೇ, ನವೆಂಬರ್ ತಿಂಗಳಲ್ಲಿ ಹಾಂಗೊರ್ ಕರಾಚಿಯಿಂದ ಹೊರಟಿತ್ತು. ಕಮಾಂಡರ್ ಅಹ್ಮದ್ ತಸ್ನೀಮ್ ಅದರ ನಾಯಕ. ಅದು ತನ್ನ ನೆಲೆಯೊಂದಿಗೆ ನಡೆಸಿದ ರೇಡಿಯೊ ಸಂಪರ್ಕದ ಸುಳಿವು ಹಿಡಿದ ಭಾರತೀಯ ನೌಕಾಪಡೆಗೆ, ದಿಯುವಿನ ನೈರುತ್ಯಕ್ಕೆ ಜಲಾಂತರ್ಗಾಮಿಯೊಂದು ಸುಳಿದಾಡುತ್ತಿರುವುದು ಖಚಿತವಾಯಿತು. ಬೇಟೆಗೆ ಹೊರಟವು ಖುಕ್ರಿ ಮತ್ತು ಕಿರ್ಪಾನ್. ಬಾಯ್ಲರ್ ತೊಂದರೆಗೆ ಸಿಕ್ಕ ಕುಠಾರ್ ಜತೆಯಲ್ಲಿರಲಿಲ್ಲ. ಖುಕ್ರಿಯ ನಾಯಕ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೇ ಇಡೀ ದಳದ ಮುಖ್ಯಸ್ಥರು. ಉತ್ತರ ಪ್ರದೇಶದ ಗೋರಖಪುರದಲ್ಲಿ 1926ರಲ್ಲಿ ಹುಟ್ಟಿದ ಅವರಿಗೆ ಆಗ 45 ವರ್ಷ.

ಬೇಟೆಗಾರರು ಬೇಟೆಯನ್ನು ಕಾಣುವ ಮೊದಲೇ ಬೇಟೆ ಅವರನ್ನು ಕೇಳಿಸಿಕೊಂಡಿತ್ತು. 9ರಂದು ಹಗಲೆಲ್ಲ ಹಾಂಗೊರ್ ಎರಡೂ ನೌಕೆಗಳ ಚಲನೆಯನ್ನು ಗುರುತಿಸುತ್ತಾ ಹಿಂಬಾಲಿಸಿತು. ಕತ್ತಲಾದ ಮೇಲೆ, ಎಂಟೂವರೆಯಿಂದ ಒಂಬತ್ತು ಗಂಟೆಯ ನಡುವೆ, ಅದು ಮೊದಲ ಟಾರ್ಪೆಡೊವನ್ನು ಕಿರ್ಪಾನ್ ಕಡೆಗೆ ಬಿಟ್ಟಿತು. ಅದು ಸಿಡಿಯಲಿಲ್ಲ. ಎರಡನೆಯದು ಖುಕ್ರಿಯನ್ನು ಹುಡುಕಿಕೊಂಡು ಬಂದು ನೌಕೆಯ ತಳದಲ್ಲಿ ಸ್ಫೋಟಿಸಿತು.

ಭಾರಿ ಸ್ಫೋಟದೊಂದಿಗೆ ದೀಪಗಳು ಆರಿದವು. ನೌಕೆ ಒಂದು ಪಕ್ಕಕ್ಕೆ ವಾಲಿತು. ಯುದ್ಧನೌಕೆಯ ಒಳಗನ್ನು ಕಂಡವರಿಗೆ ಇದರ ಅರ್ಥ ತಿಳಿದೀತು. ಒಬ್ಬರು ಮಾತ್ರ ನುಸುಳಬಹುದಾದ ಕಿಂಡಿಗಳು, ಕಡಿದಾದ ಕಬ್ಬಿಣದ ಏಣಿಗಳು, ಒಂದರ ಮೇಲೊಂದು ಅಂತಸ್ತು. ಕತ್ತಲಲ್ಲಿ, ವಾಲುತ್ತಿರುವ ನೌಕೆಯಲ್ಲಿ, ಕೆಳಗಿನ ಅಂತಸ್ತಿನವರು ಮೇಲೆ ಬರುವುದು ಹೇಗೆ? ಕೆಲವೇ ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಬದುಕಿ ಉಳಿದವರು 6 ಅಧಿಕಾರಿಗಳು ಮತ್ತು 61 ನಾವಿಕರು. ನೌಕೆಯಲ್ಲಿದ್ದ ನಾಲ್ವರಲ್ಲಿ ಮೂವರು ಮರಳಲಿಲ್ಲ. ತಾವು ರೂಪಿಸಿದ ಸಾಧನದೊಂದಿಗೆ ಲೆಫ್ಟಿನೆಂಟ್ ಜೈನ್ ಕೂಡ ಮುಳುಗಿದರು. ಸಂಶೋಧನೆಯಲ್ಲಿ ಸಾಧನೆ ತೋರಿದವರಿಗೆ ನೌಕಾಪಡೆ ಅವರ ಹೆಸರಿನಲ್ಲಿ ಚಿನ್ನದ ಪದಕ ನೀಡುತ್ತಾ ಬಂದಿದೆ.

ಎರಡನೆಯ ಮಹಾಯುದ್ಧದ ನಂತರ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ ಮೊದಲ ಪ್ರಸಂಗ ಇದು. ಇಂಥ ಎರಡನೆಯ ಪ್ರಸಂಗ ನಡೆದದ್ದು 1982ರಲ್ಲಿ, ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ‘ಕಾಂಕರರ್’ ಅರ್ಜೆಂಟೀನಾದ ‘ಬೆಲ್ಗ್ರಾನೊ’ವನ್ನು ಮುಳುಗಿಸಿದಾಗ.

ಜತೆಗಾರ ಏಕೆ ನಿಲ್ಲಲಿಲ್ಲ?

ಸಮೀಪದಲ್ಲೇ ಇದ್ದ ಕಿರ್ಪಾನ್ ನೀರಿಗೆ ಬಿದ್ದವರನ್ನು ಕೂಡಲೇ ಎತ್ತಿಕೊಳ್ಳಲಿಲ್ಲವೇಕೆ? ಸಾಮಾನ್ಯ ಓದುಗನಿಗೆ ಬರುವ ಸಹಜ ಪ್ರಶ್ನೆ. ಇದಕ್ಕೆ ಉತ್ತರ 1914ರ ಸೆಪ್ಟೆಂಬರ್ 22ರ ಘಟನೆಯೊಂದರಲ್ಲಿದೆ. ಅಂದು ಉತ್ತರ ಸಮುದ್ರದಲ್ಲಿ ಜರ್ಮನಿಯ ‘ಯು-9’ ಜಲಾಂತರ್ಗಾಮಿ ಬ್ರಿಟನ್ನಿನ ‘ಅಬೂಕಿರ್’ ನೌಕೆಗೆ ಟಾರ್ಪೆಡೊ ಹೊಡೆಯಿತು. ಜತೆಯಲ್ಲಿದ್ದ ‘ಹೋಗ್’ ನೌಕೆ ನಾವಿಕರನ್ನು ರಕ್ಷಿಸಲು ನಿಂತಿತು. ಅದಕ್ಕೂ ಹೊಡೆತ ಬಿತ್ತು. ಅವರಿಬ್ಬರನ್ನೂ ರಕ್ಷಿಸಲು ನಿಂತ ‘ಕ್ರೆಸ್ಸಿ’ಯೂ ಮುಳುಗಿತು. ಒಂದೇ ಬೆಳಗಿನಲ್ಲಿ ಮೂರು ನೌಕೆ, 1400ಕ್ಕೂ ಹೆಚ್ಚು ಪ್ರಾಣ. ಜಲಾಂತರ್ಗಾಮಿ ಸುತ್ತಮುತ್ತ ಇರುವಾಗ ರಕ್ಷಣೆಗೆಂದು ನಿಲ್ಲಬಾರದು ಎಂಬ ಕ್ರೂರ ಪಾಠವನ್ನು ಜಗತ್ತಿನ ನೌಕಾಪಡೆಗಳು ಅಂದು ಕಲಿತವು.

ಹಾಂಗೊರ್ ಮೂರನೆಯ ಟಾರ್ಪೆಡೊವನ್ನು ಮತ್ತೆ ಕಿರ್ಪಾನ್ ಮೇಲೆಯೇ ಪ್ರಯೋಗಿಸಿತ್ತು. ಕಿರ್ಪಾನ್ ಆ ಜಾಗದಿಂದ ದೂರ ಸರಿಯಿತು. ಬದುಕುಳಿದವರು ಇಡೀ ರಾತ್ರಿ ನೀರಿನಲ್ಲೇ ಕಳೆದರು. ಮರುದಿನ ಕಿರ್ಪಾನ್ ‘ಕಚ್ಚಾಲ್’ ನೌಕೆಯ ಜತೆ ಹಿಂದಿರುಗಿದಾಗಷ್ಟೇ ಅವರನ್ನು ಮೇಲೆತ್ತಲು ಸಾಧ್ಯವಾಯಿತು. ಆ ಬಳಿಕ ನಾಲ್ಕು ದಿನಗಳ ಕಾಲ ಭಾರತೀಯ ನೌಕೆಗಳು, ವಿಮಾನಗಳು ಹಾಂಗೊರ್‌ಗಾಗಿ ಶೋಧ ನಡೆಸಿದವು. ಅದು ಸಿಗಲಿಲ್ಲ. ತಪ್ಪಿಸಿಕೊಂಡು ಕರಾಚಿ ಸೇರಿತು.

ನಾಯಕನ ಕೊನೆಯ ಕ್ಷಣ

ಖುಕ್ರಿಯ ಹೆಸರು ಬಂದಲ್ಲೆಲ್ಲ ಕ್ಯಾಪ್ಟನ್ ಮುಲ್ಲಾ ಅವರ ಹೆಸರೂ ಬರುತ್ತದೆ. ಮುಳುಗುತ್ತಿರುವ ನೌಕೆಯ ಬ್ರಿಜ್‌ನಲ್ಲಿ, ಅಂದರೆ ನೌಕೆಯನ್ನು ನಡೆಸುವ ಮೇಲಿನ ಕೊಠಡಿಯಲ್ಲಿ, ತಮ್ಮ ಕುರ್ಚಿಯಲ್ಲಿ ಕುಳಿತೇ ಅವರು ಜಲಸಮಾಧಿಯಾದರು ಎಂಬ ಚಿತ್ರ ಬದುಕುಳಿದವರ ನೆನಪುಗಳ ಮೂಲಕ ಜನಮನದಲ್ಲಿ ನೆಲೆಸಿದೆ. ನಾಯಕ ನೌಕೆಯೊಂದಿಗೇ ಮುಳುಗಬೇಕು ಎಂಬುದು ನಾವಿಕ ಲೋಕದ ಹಳೆಯ ಸಂಪ್ರದಾಯ ಎಂದೂ ಹೇಳಲಾಗುತ್ತದೆ.

ವಾಸ್ತವವಾಗಿ ಅಂಥ ಕಾನೂನು ಎಲ್ಲೂ ಇಲ್ಲ. ಸಂಪ್ರದಾಯ ಹೇಳುವುದು ನಾಯಕ ಎಲ್ಲರಿಗಿಂತ ಕೊನೆಗೆ ನೌಕೆ ಬಿಡಬೇಕು ಎಂದು. ಎಲ್ಲರೂ ಹೊರಬರುವಷ್ಟು ಸಮಯವೇ ಇಲ್ಲದಿದ್ದಾಗ ‘ಕೊನೆಗೆ’ ಎಂಬುದು ‘ಎಂದಿಗೂ ಇಲ್ಲ’ ಎಂದಾಗುತ್ತದೆ, ಅಷ್ಟೆ. ಮುಲ್ಲಾ ಅವರಿಗೆ ಮರಣೋತ್ತರವಾಗಿ ನೀಡಿದ ಮಹಾವೀರ ಚಕ್ರದ ಪ್ರಶಸ್ತಿಪತ್ರವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ನೌಕೆ ತ್ಯಜಿಸುವಂತೆ ಅವರು ಆಜ್ಞೆ ನೀಡಿದರು. ಶಾಂತಚಿತ್ತರಾಗಿ ಜನರನ್ನು ಹೊರಕ್ಕೆ ಕಳುಹಿಸುವ ಕೆಲಸ ನೋಡಿಕೊಂಡರು. ತಮ್ಮ ಜೀವರಕ್ಷಕ ಸಾಧನವನ್ನು ನಾವಿಕನೊಬ್ಬನಿಗೆ ಕೊಟ್ಟರು. ಇನ್ನೂ ಯಾರನ್ನಾದರೂ ಉಳಿಸಲು ಸಾಧ್ಯವೇ ಎಂದು ನೋಡಲು ಮರಳಿ ಬ್ರಿಜ್‌ಗೆ ಹೋದರು. ಪ್ರಶಸ್ತಿಪತ್ರದ ಸಾರ ಇಷ್ಟು. ಅವರು ಹಿಂದಿರುಗಿದ್ದು ಸಾಯುವುದಕ್ಕಲ್ಲ, ಕೆಲಸ ಬಾಕಿ ಇದ್ದುದಕ್ಕೆ. ಕುರ್ಚಿಯಲ್ಲಿ ಕುಳಿತ ನಾಯಕನ ಚಿತ್ರಕ್ಕಿಂತ ಈ ಚಿತ್ರ ಹೆಚ್ಚು ದೊಡ್ಡದು.

ಆದರೆ ಒಬ್ಬ ವೀರನ ಕಥೆ ಎಷ್ಟೇ ಉಜ್ವಲವಾಗಿದ್ದರೂ ಉಳಿದ 193 ಮಂದಿಯನ್ನು ಅದು ಮರೆಸಬಾರದು. ಎಂಜಿನ್ ಕೋಣೆಯಲ್ಲಿದ್ದವರು, ಅಡುಗೆ ಮನೆಯಲ್ಲಿದ್ದವರು, ಪಾಳಿ ಮುಗಿಸಿ ಮಲಗಿದ್ದವರು ಹೀಗೆ ಒಂದು ನೌಕೆಯಲ್ಲಿ ಹತ್ತಾರು ಬಗೆಯ ಕೆಲಸದವರಿರುತ್ತಾರೆ. ತ್ಯಾಗ ಮಾಡುವ ಅವಕಾಶವೂ ಸಿಗದೆ ಸತ್ತವರೇ ಅವರಲ್ಲಿ ಹೆಚ್ಚು. ಸ್ಮಾರಕ ಬೇಕಾಗಿರುವುದು ಮುಖ್ಯವಾಗಿ ಇಂಥವರಿಗೆ.

ಗೋರಿಯಿಲ್ಲದ ಸಾವು

ಕಡಲಲ್ಲಿ ಸತ್ತವರಿಗೆ ದಡದಲ್ಲಿ ಸ್ಮಾರಕ ಕಟ್ಟುವುದೇಕೆ? ನೆಲದ ಮೇಲಿನ ಯುದ್ಧದಲ್ಲಿ ಮಡಿದವನಿಗೆ ಚಿತೆಯೋ ಗೋರಿಯೋ ದೊರಕುತ್ತದೆ. ಕಡಲು ದೇಹವನ್ನು ಹಿಂದಿರುಗಿಸುವುದಿಲ್ಲ. ಮನೆಯವರಿಗೆ ತಲುಪುವುದು ಒಂದು ತಂತಿ ಸಂದೇಶ ಮಾತ್ರ. ದೇಹ ಕಾಣದ ಸಾವನ್ನು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಯಾವುದೋ ಹಡಗು ಎತ್ತಿಕೊಂಡಿರಬಹುದು, ಯಾವುದೋ ದಡ ಸೇರಿರಬಹುದು ಎಂಬ ಆಸೆ ವರ್ಷಗಟ್ಟಲೆ ಕಾಡುತ್ತದೆ.

ನಮ್ಮ ಧರ್ಮಶಾಸ್ತ್ರಗಳು ಈ ಸಂಕಟವನ್ನು ಬಲ್ಲವು. ದೇಹ ಸಿಗದಿದ್ದಾಗ ದರ್ಭೆ ಮತ್ತು ಮುತ್ತುಗದ ಎಲೆಗಳಿಂದ ಮನುಷ್ಯಾಕೃತಿ ಮಾಡಿ ದಹಿಸುವ ವಿಧಿಯನ್ನು ಅವು ಹೇಳಿವೆ. ಪ್ರಾಚೀನ ಗ್ರೀಕರು ದೂರದಲ್ಲಿ ಸತ್ತವರಿಗಾಗಿ ಬರಿದಾದ ಗೋರಿ ಕಟ್ಟುತ್ತಿದ್ದರು. ‘ಸೆನೊಟಾಫ್’ ಎಂಬ ಪದದ ಅರ್ಥವೇ ಖಾಲಿ ಗೋರಿ. ಕಾನೂನಿಗೂ ಇದೇ ತೊಡಕು. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತಿರುವುದಾಗಿ ಭಾವಿಸಬಹುದು ಎಂದು 1872ರ ಸಾಕ್ಷ್ಯ ಕಾಯಿದೆಯಲ್ಲಿ ಹೇಳಿತ್ತು. ಅದರ ಸ್ಥಾನಕ್ಕೆ 2024ರಲ್ಲಿ ಬಂದ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಎಲೆಯ ಆಕೃತಿ, ಖಾಲಿ ಗೋರಿ, ಏಳು ವರ್ಷದ ಗಡುವು ಇವೆಲ್ಲವೂ ಕಾಯುವಿಕೆಗೆ ಒಂದು ಕೊನೆ ಹಾಡುವ ಉಪಾಯಗಳೇ.

ಈ ಕಾಯುವಿಕೆ ಏನೆಂಬುದು ಕರ್ನಾಟಕದ ಕರಾವಳಿಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಣ್ಮರೆಯಾಯಿತು. ತಿಂಗಳುಗಟ್ಟಲೆ ಆ ಮನೆಗಳವರು ಅಳುವುದೋ ಕಾಯುವುದೋ ತಿಳಿಯದೆ ದಿನ ಕಳೆದರು. ದೋಣಿಯ ಅವಶೇಷ ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲ ತಳದಲ್ಲಿ ನೌಕಾಪಡೆಗೆ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ.

ಕಡಲಿನವರಿಗೆ ಕಲ್ಲು ನಿಲ್ಲಿಸುವ ಪದ್ಧತಿ ನಮಗೆ ಪರದೇಶದಿಂದ ಬಂದದ್ದೇನೂ ಅಲ್ಲ. ಮುಂಬಯಿಯ ಬೋರಿವಲಿ ಬಳಿಯ ಏಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಹುಟ್ಟುಗಳ ಸಾಲು ಹೊತ್ತ ಹಡಗುಗಳು, ನೀರಿನ ಮೇಲಿನ ಕಾಳಗ, ಸತ್ತ ವೀರರನ್ನು ಕರೆದೊಯ್ಯುವ ಅಪ್ಸರೆಯರು ಕಾಣುತ್ತಾರೆ. ಸೇವುಣರಿಗೂ ಕೊಂಕಣದ ಶಿಲಾಹಾರರಿಗೂ 13ನೇ ಶತಮಾನದಲ್ಲಿ ನಡೆದ ಯುದ್ಧದ ನೆನಪು ಇದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಊರೂರಿನ ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ಕನ್ನಡಿಗರು ಕಾಣುವ ವೀರಗಲ್ಲಿನ ಕ್ರಮವೇ ಅಲ್ಲಿಯೂ ಇದೆ.

ಆಧುನಿಕ ಸ್ಮಾರಕಗಳು ಬಗೆಬಗೆಯಾಗಿವೆ. ಅಮೆರಿಕದ ಗ್ಲೌಸ್ಟರ್ ಎಂಬ ಮೀನುಗಾರರ ಊರಿನಲ್ಲಿ 1925ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿ ನಾವಿಕನೊಬ್ಬ ಚುಕ್ಕಾಣಿ ಚಕ್ರವನ್ನು ಬಿಗಿಹಿಡಿದು ಕಡಲು ದಿಟ್ಟಿಸುತ್ತಾನೆ. ಮುಂದೆ ಕಡಲಲ್ಲಿ ಮಡಿದ 5300ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಅಲ್ಲಿ ಕೆತ್ತಲಾಯಿತು. ಕೋಲ್ಕತ್ತದಲ್ಲಿ ಹೂಗ್ಲಿ ನದಿಯ ದಡದಲ್ಲಿ 1924ರಲ್ಲಿ ಎದ್ದ ಲಾಸ್ಕರ್ ಸ್ಮಾರಕ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಹಡಗುಗಳಲ್ಲಿ ದುಡಿದು ಪ್ರಾಣ ಕಳೆದುಕೊಂಡ ಬಂಗಾಳ, ಅಸ್ಸಾಮುಗಳ 896 ಖಲಾಸಿಗಳನ್ನು ನೆನೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮಡಿದ ಅವಿಭಜಿತ ಭಾರತದ 6000ಕ್ಕೂ ಹೆಚ್ಚು ನಾವಿಕರ ಹೆಸರುಗಳನ್ನು ಎರಡು ಒಂದೇ ಬಗೆಯ ಪುಸ್ತಕಗಳಲ್ಲಿ ಬರೆದು ಒಂದನ್ನು ಮುಂಬಯಿಯಲ್ಲಿ, ಇನ್ನೊಂದನ್ನು ಚಿತ್ತಗಾಂಗಿನಲ್ಲಿ ಇಡಲಾಯಿತು. ಈ ಎಲ್ಲದರ ಸಾಲಿನಲ್ಲಿ ದಿಯುವಿನ ಗಾಜಿನ ಮನೆಯೂ ನಿಲ್ಲುತ್ತದೆ. ಇಲ್ಲಿ ವೀರನ ಪ್ರತಿಮೆಯಿಲ್ಲದೆ ನೌಕೆಯನ್ನೇ ಇಟ್ಟಿರುವುದು ಸರಿಯಾಗಿಯೇ ಇದೆ. ಆ 194 ಮಂದಿಯ ಕೊನೆಯ ಮನೆ ಅದೇ ತಾನೆ?

ಗೆಲುವೋ ಶೋಕವೋ

ಅದೇ ಯುದ್ಧದ ಇನ್ನೊಂದು ಕಡಲತೀರದ ಸ್ಮಾರಕ ವಿಶಾಖಪಟ್ಟಣದಲ್ಲಿದೆ. 1996ರಲ್ಲಿ ಅಲ್ಲಿನ ಸಮುದ್ರ ತೀರದ ರಸ್ತೆಯಲ್ಲಿ ನಿರ್ಮಾಣವಾದ ಅದರ ಹೆಸರೇ ‘ವಿಕ್ಟರಿ ಅಟ್ ಸೀ’, ಕಡಲ ಗೆಲುವು. ಆ ಬಂದರಿನ ಹೊರಗೆ 1971ರ ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಪಾಕಿಸ್ತಾನದ ‘ಘಾಜಿ’ ಜಲಾಂತರ್ಗಾಮಿ ಮುಳುಗಿ ಅದರಲ್ಲಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಪೂರ್ವ ತೀರದ ಸ್ಮಾರಕ ಗೆಲುವನ್ನು ಸಾರಿದರೆ ಪಶ್ಚಿಮ ತೀರದ್ದು ಶೋಕವನ್ನು ನೆನೆಯುತ್ತದೆ.

ಗಡಿಯಾಚೆ ಚಿತ್ರ ತಿರುಗುಮುರುಗು. ಡಿಸೆಂಬರ್ 9ನ್ನು ಪಾಕಿಸ್ತಾನದ ನೌಕಾಪಡೆ ‘ಹಾಂಗೊರ್ ದಿನ’ವಾಗಿ ಆಚರಿಸುತ್ತದೆ. 2006ರಲ್ಲಿ ನಿವೃತ್ತಿಯಾದ ಹಾಂಗೊರ್ ಕರಾಚಿಯ ನೌಕಾ ಸಂಗ್ರಹಾಲಯದಲ್ಲಿದೆ. ಅಲ್ಲಿಯ ಮಕ್ಕಳು ಅದರೊಳಗೆ ಇಣುಕಿ ನೋಡುವಾಗ ದಿಯುವಿನ ಮಕ್ಕಳು ಖುಕ್ರಿಯ ಮಾದರಿಯನ್ನು ನೋಡುತ್ತಾರೆ. ಕೊಂದ ನೌಕೆ ದಡಕ್ಕೆ ಬಂದಿದೆ, ಸತ್ತ ನೌಕೆ ಬರಲಿಲ್ಲ. ಘಾಜಿಯಲ್ಲಿ ಸತ್ತವರ ಮನೆಗಳಲ್ಲಿಯೂ ದೇಹ ಕಾಣದ ಕಾಯುವಿಕೆಯೇ ಇದ್ದಿರಬೇಕು ಎಂಬುದನ್ನು ಎರಡೂ ಕಡೆಯ ಸ್ಮಾರಕಗಳು ಹೇಳುವುದಿಲ್ಲ. ಸ್ಮಾರಕಗಳು ತಮ್ಮವರನ್ನಷ್ಟೇ ನೆನೆಯುತ್ತವೆ.

ಹೆಸರಿನ ಮರುಹುಟ್ಟು

ನೌಕೆ ಮುಳುಗಿದರೂ ಹೆಸರು ಮುಳುಗಬಾರದು ಎಂಬುದು ನೌಕಾಪಡೆಗಳ ನಂಬಿಕೆ. ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ದೇಶೀಯವಾಗಿ ಕಟ್ಟಿದ ಮೊದಲ ಕ್ಷಿಪಣಿ ಕಾರ್ವೆಟ್‌ಗೆ ಖುಕ್ರಿ ಎಂದೇ ಹೆಸರಿಡಲಾಯಿತು. 1989ರ ಆಗಸ್ಟ್ 23ರಂದು ಅದು ಸೇವೆಗೆ ಸೇರಿದಾಗ ಅಂದಿನ ರಕ್ಷಣಾ ಸಚಿವ ಕೆ.ಸಿ. ಪಂತ್ ಅವರ ಜತೆ ಕ್ಯಾಪ್ಟನ್ ಮುಲ್ಲಾ ಅವರ ಪತ್ನಿ ಸುಧಾ ಮುಲ್ಲಾ ಅವರೂ ಇದ್ದರು. ಹದಿನೆಂಟು ವರ್ಷದ ಹಿಂದೆ ಪತಿಯೊಂದಿಗೆ ಮುಳುಗಿದ ಹೆಸರು ಮತ್ತೆ ಕಡಲಿಗೆ ಇಳಿಯುವುದನ್ನು ಅವರು ಕಂಡರು.

ಈ ಎರಡನೆಯ ಖುಕ್ರಿ 32 ವರ್ಷ ದುಡಿದು 2021ರ ಡಿಸೆಂಬರ್ 23ರಂದು ವಿಶಾಖಪಟ್ಟಣದಲ್ಲಿ ನಿವೃತ್ತಿ ಹೊಂದಿತು. ಸಾಮಾನ್ಯವಾಗಿ ನಿವೃತ್ತ ನೌಕೆಗಳ ಗತಿ ಗುಜರಿ. ಕೆಲವು ಅದೃಷ್ಟಶಾಲಿಗಳು ಮಾತ್ರ ಸಂಗ್ರಹಾಲಯಗಳಾಗುತ್ತವೆ. ಕಾರವಾರದ ಕಡಲತೀರದಲ್ಲಿ 2006ರಿಂದ ನಿಂತಿರುವ ‘ಚಪಲ್’ ಕ್ಷಿಪಣಿ ನೌಕೆ ಅಂಥದೊಂದು. ಖುಕ್ರಿಗೂ ಆ ಭಾಗ್ಯ ಒದಗಿತು. ಅದು ಹೊರಟದ್ದು ಬೇರೆಲ್ಲಿಗೂ ಅಲ್ಲ, ದಿಯುವಿಗೆ. 2022ರ ಜನವರಿ 26ರಂದು ಸಂಗ್ರಹಾಲಯಕ್ಕಾಗಿ ಅದನ್ನು ದಿಯು ಆಡಳಿತಕ್ಕೆ ಹಸ್ತಾಂತರಿಸಲಾಯಿತು.

ಹೀಗೆ ಒಂದೇ ಹೆಸರಿನ ಎರಡು ನೌಕೆಗಳು ಒಂದೇ ದ್ವೀಪದಲ್ಲಿ ನೆಲೆ ಕಂಡಿವೆ. ಒಂದು ಪೂರ್ಣ ಪ್ರಮಾಣದ ಉಕ್ಕಿನ ನೌಕೆ, ಇನ್ನೊಂದು ಗಾಜಿನೊಳಗಿನ ಮಾದರಿ. ದಿಯುವಿಗೆ ಹೋಗುವ ಕನ್ನಡಿಗರು, ಇಲ್ಲವೇ ಅಷ್ಟು ದೂರ ಹೋಗಲಾಗದೆ ಕಾರವಾರದ ಚಪಲ್ ಹತ್ತುವವರು, ಯುದ್ಧನೌಕೆಯ ಒಳಗಿನ ಕಿರಿದಾದ ಕಿಂಡಿಯಲ್ಲಿ ಒಮ್ಮೆ ತಲೆ ಬಗ್ಗಿಸಿ ದಾಟಿ ನೋಡಬೇಕು. ಹಗಲಿನ ಬೆಳಕಿನಲ್ಲಿ, ನೆಲ ಅಲುಗಾಡದಿರುವಾಗ, ಹಿಂದಿನಿಂದ ಯಾರೂ ತಳ್ಳದಿರುವಾಗಲೂ ಅದನ್ನು ದಾಟಲು ಕೆಲವು ಕ್ಷಣ ಬೇಕಾಗುತ್ತದೆ. ಖುಕ್ರಿಯ ಕೆಳಗಿನ ಅಂತಸ್ತಿನಲ್ಲಿದ್ದವರಿಗೆ ಆ ರಾತ್ರಿ ಅಷ್ಟು ಸಮಯವೂ ಇರಲಿಲ್ಲ.